ಪರಮಾಣು ವಸ್ತು ತಪಾಸಣೆಗೆ ಡೇಟಾಬೇಸ್ ಕಟ್ಟುವುದು ಹೇಗೆ: ಕಲಬುರಗಿ ಭಾಗದ ಪ್ರಾಜೆಕ್ಟ್ ತಂಡಗಳಿಗೆ ಸಮಗ್ರ ಮಾರ್ಗದರ್ಶಿ

ಪರಮಾಣು ವಸ್ತು ತಪಾಸಣೆಯ ಡೇಟಾಬೇಸ್ ಎಂಬ ವಿಷಯ ಹಿಡಿದು ಬರುವ ಫೈನಲ್ ಇಯರ್ ತಂಡಗಳು ಮೊದಲ ವಾರದಲ್ಲೇ ಲಾಗಿನ್ ಪುಟ, ಡ್ಯಾಶ್‌ಬೋರ್ಡ್, ಬಣ್ಣದ ಚಾರ್ಟು ಎಲ್ಲ ಮಾಡಿ ತೋರಿಸುತ್ತವೆ. ಹಿಂದೆ ನೋಡಿದರೆ ಇರುವುದು ಒಂದೇ ಟೇಬಲ್, ಅದರಲ್ಲಿ ‘ಈಗಿನ ಸ್ಟಾಕ್’ ಅಂತ ಒಂದು ಕಾಲಂ. ಮಾಲು ಬಂದರೆ ಕೂಡಿಸು, ಹೋದರೆ ಕಳೆ. ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಅದು ನಡೆಯುತ್ತದೆ. ತಪಾಸಕರಿಗೆ, ಅಂದರೆ ಪರಮಾಣು ವಸ್ತು ಲೆಕ್ಕದಂತೆ ಇದೆಯೇ, ಬಾಂಬಿನ ಕಡೆಗೆ ಜಾರಿಲ್ಲವೇ ಎಂದು ನೋಡಲು ಬರುವವರಿಗೆ, ಅದು ಕವಡೆ ಕಾಸಿಗೂ ಬಾರದು. ಈಗ ಎಷ್ಟಿದೆ ಅನ್ನುವುದು ಅವರ ಕೊನೆಯ ಪ್ರಶ್ನೆ. ಮಾರ್ಚ್ 31ರ ಸಂಜೆ ನಿಮ್ಮ ಪುಸ್ತಕ ಏನು ಹೇಳುತ್ತಿತ್ತು? ಯಾವ ಅಳತೆಯ ಮೇಲೆ ಹಾಗೆ ಹೇಳಿತು? ಆಮೇಲೆ ಅದನ್ನು ಯಾರು, ಯಾಕೆ ತಿದ್ದಿದರು? ಇವು ಮೊದಲ ಪ್ರಶ್ನೆಗಳು. ಹಾಗಾಗಿ ಆ ‘ಈಗಿನ ಸ್ಟಾಕ್’ ಕಾಲಂ ತೆಗೆದುಹಾಕಿ, ಅಲ್ಲಿಂದ ಶುರು ಮಾಡೋಣ.

ಇದು ಕಲಬುರಗಿ, ಬೀದರ್, ಯಾದಗಿರಿ ಕಡೆಯ ಎಂಜಿನಿಯರಿಂಗ್, ಎಂಸಿಎ ಹುಡುಗ ಹುಡುಗಿಯರಿಗೆಂದು ಬರೆದದ್ದು. ಒಂದು ಲ್ಯಾಪ್‌ಟಾಪ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಒಂದು ಕಾಲ್ಪನಿಕ ಸ್ಥಾವರ, ಅದಕ್ಕೆ ನೀವೇ ಹುಟ್ಟಿಸಿದ ಅಂಕಿಗಳು ಇದ್ದರೆ ಸಾಕು. ನಿಜವಾದ ಸ್ಥಾವರದ ಅಂಕಿಗಳು ಬೇಕಿಲ್ಲ, ಯಾರನ್ನೂ ಕೇಳಲೂ ಹೋಗಬೇಡಿ.

ಹಂತ 1: ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು

ಈ ಖಾತೆಗೆ ಬರುವ ಧಾತುಗಳು ಮೂರೇ: ಯುರೇನಿಯಂ, ಥೋರಿಯಂ, ಪ್ಲುಟೋನಿಯಂ. ವಿಕಿರಣ ಸೂಸುವುದೆಲ್ಲ ಇಲ್ಲಿಗೆ ಸೇರದು. ಸಿಮೆಂಟ್‌ನಂಥ ಕಾರ್ಖಾನೆಗಳಲ್ಲಿ ಹಾಪರ್ ಎಷ್ಟು ತುಂಬಿದೆ ಎಂದು ನೋಡಲು ಸೀಸಿಯಂ-137 ಇರುವ ಗೇಜ್ ಬಳಸುತ್ತಾರೆ, ಕ್ಯಾನ್ಸರ್ ಚಿಕಿತ್ಸೆಗೆ ಕೋಬಾಲ್ಟ್-60 ಬಳಸುತ್ತಾರೆ. ಅವುಗಳ ಪರವಾನಗಿ ನಡೆಯುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಇಲೋರಾ ಪೋರ್ಟಲ್‌ನಲ್ಲಿ. ಅವುಗಳ ಲೆಕ್ಕ ವಿಕಿರಣ ಚಟುವಟಿಕೆಯ ಮಾನವಾದ ಬೆಕೆರೆಲ್‌ನಲ್ಲಿ, ನಮ್ಮದು ಗ್ರಾಂ ಮತ್ತು ಕಿಲೋಗ್ರಾಂನಲ್ಲಿ. ಎರಡನ್ನೂ ಒಂದೇ ಟೇಬಲ್‌ಗೆ ತುರುಕಿದರೆ ಆಮೇಲೆ ಬಿಡಿಸಲು ಆಗುವುದಿಲ್ಲ. ಒಂದು ಮಜಾ ಮಾತ್ರ ಇದೆ: ವೆಲ್ಡಿಂಗ್ ಪರೀಕ್ಷಿಸುವ ಇರಿಡಿಯಂ-192 ಕ್ಯಾಮೆರಾಗಳಲ್ಲಿ ಹಲವಕ್ಕೆ ಒಳಗಿನ ಕವಚವೇ ಡಿಪ್ಲೀಟೆಡ್ ಯುರೇನಿಯಂ, ಅಂದರೆ ಯು-235 ಎಂಬ ಸೀಳುವ ಪಾಲು ಬಹುತೇಕ ತೆಗೆದು ಉಳಿದ ಯುರೇನಿಯಂ. ಇರಿಡಿಯಂ ನಮ್ಮ ಖಾತೆಯದಲ್ಲ, ಅದನ್ನು ಮುಚ್ಚಿದ ಕವಚ ನಮ್ಮ ಖಾತೆಯದು.

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಇರುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಸರ್, ಗೋಗಿ ಅದಿರು ಟೇಬಲ್‌ನ್ಯಾಗ ಎಲ್ಲಿ ಬರ್ತದ್ರಿ?’ ಬರುವುದಿಲ್ಲ. ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ 1972ರ ಮಾದರಿ ದಸ್ತಾವೇಜು, ಇನ್ಫ್‌ಸರ್ಕ್ 153, ಪ್ರಕಾರ ಪೂರ್ತಿ ಲೆಕ್ಕ ಶುರುವಾಗುವುದು ವಸ್ತು ಇಂಧನ ತಯಾರಿಕೆಗೆ ಅಥವಾ ಸಮೃದ್ಧೀಕರಣಕ್ಕೆ (ಯು-235ರ ಪಾಲು ಹೆಚ್ಚಿಸುವುದಕ್ಕೆ) ಒದಗುವಷ್ಟು ಶುದ್ಧವಾದ ಮೇಲೆ. ನೆಲದೊಳಗಿನ ಅದಿರು, ಗಣಿಯ ರಾಶಿ ಅದರ ಆಚೆಗೆ. ಆದ್ದರಿಂದ ನಿಮ್ಮ ಕಾಲ್ಪನಿಕ ಸ್ಥಾವರಕ್ಕೆ ‘ಲೆಕ್ಕ ಆರಂಭ’ ಎಂಬ ಒಂದು ಬಿಂದು ಇರಲಿ, ಅದಕ್ಕೂ ಹಿಂದಿನ ಯಾವುದನ್ನೂ ಖಾತೆಗೆ ತರಬೇಡಿ.

ಭಾರತದ ಮಟ್ಟಿಗೆ ಇನ್ನೊಂದು ಕಾಲಂ ಬೇಕು. ನಾವು ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲ. 2009ರಲ್ಲಿ ವಿಯೆನ್ನಾದ ಸಂಸ್ಥೆಯೊಂದಿಗೆ ಮಾಡಿಕೊಂಡದ್ದು ಬೇರೆಯದೇ ಒಪ್ಪಂದ. ನಾಗರಿಕ ಬಳಕೆಯದೆಂದು ಪಟ್ಟಿಗೆ ಸೇರಿಸಿದ ಸ್ಥಾವರಗಳಿಗೆ ಮಾತ್ರ ಅವರ ತಪಾಸಕರು ಬರುತ್ತಾರೆ. ರಾವತ್‌ಭಾಟಾ, ಕೂಡಂಕುಳಂ ಆ ಪಟ್ಟಿಯಲ್ಲಿವೆ. ನಮ್ಮ ರಾಜ್ಯದ ಕೈಗಾದ ಈಗಿನ ನಾಲ್ಕು ಘಟಕಗಳು ಇಲ್ಲ. ಜೊತೆಗೆ ಕಜಾಕಸ್ತಾನ, ರಷ್ಯಾ, ಕೆನಡಾದಿಂದ ಯುರೇನಿಯಂ ತರಿಸಿಕೊಂಡಿದ್ದೇವೆ. ಹೊರಗಿನಿಂದ ಬಂದ ಮಾಲಿಗೆ ಷರತ್ತು ಅಂಟಿಕೊಂಡಿರುತ್ತದೆ. ಹಾಗಾಗಿ ‘ತಪಾಸಣೆಗೆ ಒಳಪಟ್ಟಿದೆಯೇ’, ‘ಯಾರ ಷರತ್ತು’ ಎಂಬ ಎರಡನ್ನು ಸ್ಥಾವರದ ಮಟ್ಟದಲ್ಲಲ್ಲ, ಬ್ಯಾಚ್ ಮಟ್ಟದಲ್ಲಿ ಇಡಿ.

ಹಂತ 2: ವಲಯ ಮತ್ತು ಅಳತೆ ಬಿಂದು

ವಸ್ತು ಸಮತೋಲನ ವಲಯ ಅಂದರೆ ಒಳಗೆ ಬರುವ, ಹೊರಗೆ ಹೋಗುವ ಪ್ರತಿಯೊಂದನ್ನೂ ಅಳೆಯಲು ಬರುವಂಥ ಗಡಿ. ವಲಯದೊಳಗೆ ಅಳತೆ ಬಿಂದುಗಳು ಎರಡು ಬಗೆ: ಮಾಲು ಹರಿಯುವ ಕಡೆ ಮತ್ತು ಮಾಲು ನಿಂತಿರುವ ಕಡೆ. ರಿಯಾಕ್ಟರಿನಲ್ಲಿ ಹೊಸ ಇಂಧನದ ಕೋಣೆ, ಇಂಧನ ಉರಿಯುವ ಕೋರ್, ಬಳಸಿದ ಇಂಧನದ ಕೊಳ, ಈ ಮೂರನ್ನು ಇಟ್ಟುಕೊಂಡರೆ ಅಭ್ಯಾಸಕ್ಕೆ ಸಾಕು. ನಮ್ಮ 220 ಮೆಗಾವ್ಯಾಟ್ ಭಾರಜಲ ರಿಯಾಕ್ಟರಿನ ಲೆಕ್ಕ ಕಲಿಯಲು ಚೆನ್ನಾಗಿದೆ: 306 ಚಾನೆಲ್ (ಇಂಧನ ಕೂರುವ ಕೊಳವೆ), ಒಂದೊಂದರಲ್ಲಿ 12 ಬಂಡಲ್ (ಇಂಧನ ಕಡ್ಡಿಗಳ ಕಟ್ಟು), ಒಟ್ಟು 3672 ಐಟಂ. ಎಲ್ಲ ಬಂಡಲ್‌ಗೂ ನಂಬರ್ ಇರುತ್ತದೆ, ಹಾಗಾಗಿ ಇದು ಎಣಿಸುವ ಸ್ಥಾವರ. ಪುಡಿ, ದ್ರಾವಣ ಇರುವ ಇಂಧನ ಕಾರ್ಖಾನೆ ಅಳೆಯುವ ಸ್ಥಾವರ. ಮೊದಲ ಪ್ರಾಜೆಕ್ಟಿಗೆ ಎಣಿಸುವುದನ್ನೇ ಆರಿಸಿಕೊಳ್ಳಿ.

ಹಂತ 3: ಘಟನೆಗಳ ಖಾತೆ

ಇಡೀ ಕೆಲಸದ ಬೆನ್ನೆಲುಬು ಒಂದೇ ಟೇಬಲ್, ಹೆಸರು ‘ಘಟನೆ’. ಬಂತು, ಹೋಯಿತು, ಜಾಗ ಬದಲಾಯಿತು, ಒಡೆದು ಎರಡಾಯಿತು, ರಿಯಾಕ್ಟರಿನಲ್ಲಿ ಉರಿದು ಕಡಿಮೆಯಾಯಿತು, ಪ್ಲುಟೋನಿಯಂ ಹುಟ್ಟಿತು, ಅಳೆದು ತ್ಯಾಜ್ಯಕ್ಕೆ ಹಾಕಿದ್ದಾಯಿತು: ಪ್ರತಿಯೊಂದೂ ಒಂದು ಸಾಲು. ಒಮ್ಮೆ ಬರೆದ ಸಾಲನ್ನು ಯಾರೂ ಮುಟ್ಟುವಂತಿಲ್ಲ. ಸ್ಟಾಕ್ ಅನ್ನುವುದು ಈ ಸಾಲುಗಳನ್ನು ಕೂಡಿಸಿ ಕೇಳಿದಾಗ ಬರುವ ಉತ್ತರ, ಎಲ್ಲೂ ಬರೆದಿಟ್ಟ ಅಂಕಿ ಅಲ್ಲ.

‘ಸರ್, ಟೈಪಿಂಗ್ ಮಿಸ್ಟೇಕ್ ಆದ್ರೂ ತಿದ್ದಂಗಿಲ್ಲೇನ್ರಿ?’ ತಿದ್ದಬಹುದು, ಅಳಿಸುವಂತಿಲ್ಲ. 134 ಬದಲು 143 ಬಿದ್ದಿದ್ದರೆ, ಮೊದಲ ಸಾಲನ್ನು ರದ್ದು ಮಾಡುವ ಸಾಲು ಒಂದು, ಸರಿಯಾದ ಸಾಲು ಇನ್ನೊಂದು. ಎರಡರಲ್ಲೂ ‘ಯಾವ ಸಾಲನ್ನು ತಿದ್ದುತ್ತದೆ’ ಎಂಬ ಕಾಲಂ ತುಂಬಿರಬೇಕು, ಕಾರಣ ಬರೆದಿರಬೇಕು, ಆಧಾರದ ಕಾಗದದ ನಂಬರ್ ಇರಬೇಕು. ಅಪ್ಲಿಕೇಶನ್‌ನ ಬಟನ್ ಮುಚ್ಚಿದರೆ ಇದು ಆಗುವುದಿಲ್ಲ. ಡೇಟಾಬೇಸ್‌ನಲ್ಲೇ ಆ ಟೇಬಲ್ ಮೇಲಿನ ಅಪ್‌ಡೇಟ್, ಡಿಲೀಟ್ ಅನುಮತಿಗಳನ್ನು ಕಿತ್ತುಹಾಕಿ. ಅದರ ಮೇಲೆ, ಬದಲಿಸಲು ಹೋದರೆ ತಾನಾಗಿ ತಡೆಯುವ ಟ್ರಿಗರ್ ಒಂದನ್ನು ಹಾಕಿ.

ಪ್ರತಿ ಸಾಲಿಗೂ ಎರಡು ಸಮಯ ಬೇಕು. ಒಂದು ಘಟನೆ ನಡೆದ ಸಮಯ, ಇನ್ನೊಂದು ಅದು ಪುಸ್ತಕಕ್ಕೆ ಏರಿದ ಸಮಯ. ಫೆಬ್ರವರಿ 28ಕ್ಕೆ ಮಾಲು ಬಂತು, ಮಾರ್ಚ್ 3ಕ್ಕೆ ಎಂಟ್ರಿ ಆಯಿತು, ಏಪ್ರಿಲ್ 17ಕ್ಕೆ ಲ್ಯಾಬ್ ವರದಿ ಬಂದು ತೂಕ ಬದಲಾಯಿತು ಅಂದುಕೊಳ್ಳಿ. ಫೆಬ್ರವರಿ 28ರ ಸ್ಟಾಕ್ ಎಷ್ಟು ಎಂದು ಮಾರ್ಚ್ 1ಕ್ಕೆ ಕೇಳಿದರೆ ಒಂದು ಉತ್ತರ, ಮಾರ್ಚ್ 31ಕ್ಕೆ ಇನ್ನೊಂದು, ಏಪ್ರಿಲ್ 30ಕ್ಕೆ ಮತ್ತೊಂದು. ಮೂರೂ ಸರಿ. ಮಾರ್ಚ್ ಕೊನೆಗೆ ಕಳಿಸಿದ ವರದಿಗೂ ಇವತ್ತಿನ ಪುಸ್ತಕಕ್ಕೂ ಯಾಕೆ ತಾಳೆ ಇಲ್ಲ ಎಂದು ತಪಾಸಕರು ಕೇಳಿದಾಗ ಈ ಎರಡನೇ ಸಮಯವೇ ನಿಮ್ಮ ಸಾಕ್ಷಿ. ಪುಸ್ತಕಕ್ಕೆ ಏರಿದ ಸಮಯವನ್ನು ಸರ್ವರ್ ಹಾಕಬೇಕು, ಬಳಕೆದಾರರಲ್ಲ.

ಹಳೆಯ ದಾಖಲೆಯ ಬೆಲೆ ಎಷ್ಟು ಅನ್ನುವುದಕ್ಕೆ ದಕ್ಷಿಣ ಆಫ್ರಿಕಾ ನೋಡಿ. 1991ರಲ್ಲಿ ಅದು ಪ್ರಸರಣ ತಡೆ ಒಪ್ಪಂದ ಸೇರಿತು. ತಾವು ಆರು ಬಾಂಬ್ ಮಾಡಿ ಆಮೇಲೆ ಬಿಚ್ಚಿಹಾಕಿದ್ದೇವೆ ಎಂದು ಅಧ್ಯಕ್ಷ ಡಿ ಕ್ಲರ್ಕ್ 1993ರ ಮಾರ್ಚ್‌ನಲ್ಲಿ ಸಂಸತ್ತಿಗೆ ಹೇಳಿದರು. ಎಲ್ಲವನ್ನೂ ಘೋಷಿಸಿದ್ದಾರೆಯೇ ಎಂದು ನೋಡಲು ವಿಯೆನ್ನಾದ ತಪಾಸಕರು ಸಮೃದ್ಧೀಕರಣ ಸ್ಥಾವರದ ಹಿಂದಿನ ವರ್ಷಗಳ ಕಾರ್ಯಾಚರಣೆ ದಾಖಲೆಗಳನ್ನೇ ತೆಗೆದು ಕೂತರು. ಆ ಕಾಗದಗಳನ್ನು ಯಾರಾದರೂ ‘ಕ್ಲೀನ್’ ಮಾಡಿ ಇಟ್ಟಿದ್ದರೆ ನಿಜ ಹೇಳಿಯೂ ನಂಬಿಸಲು ಆಗುತ್ತಿರಲಿಲ್ಲ.

ಐಟಂ ಮತ್ತು ಬ್ಯಾಚ್ ಬೇರೆಬೇರೆ ಟೇಬಲ್. ಐಟಂ ಎಂದರೆ ಕೈಯಿಟ್ಟು ತೋರಿಸಬಹುದಾದ ಡ್ರಮ್ಮು, ಕ್ಯಾನು, ಬಂಡಲ್ಲು. ಬ್ಯಾಚ್ ಎಂದರೆ ಒಂದೇ ಸಂಯೋಜನೆಯದೆಂದು ಒಟ್ಟಿಗೆ ಲೆಕ್ಕ ಹಿಡಿದದ್ದು. ಡ್ರಮ್ ಒಡೆದು ಎರಡು ಮಾಡಿದರೆ ಹಳೆಯ ನಂಬರನ್ನು ಮತ್ತೆ ಬಳಸಬೇಡಿ. ತಾಯಿ ಯಾವುದು, ಮಕ್ಕಳು ಯಾವುವು ಎಂಬ ಸಂಬಂಧಕ್ಕೆ ಪ್ರತ್ಯೇಕ ಟೇಬಲ್ ಇಡಿ, ರಿಕರ್ಸಿವ್ ಕ್ವೆರಿ ಬರೆದು ಯಾವುದೇ ಕ್ಯಾನಿನ ವಂಶಾವಳಿಯನ್ನು ಹಿಂದಕ್ಕೆ ತೆಗೆಯಲು ಬರಬೇಕು.

ಹಂತ 4: ತೂಕ

ಫ್ಲೋಟ್ ಬಳಸಬೇಡಿ. 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬಾರದ ಆ ಬಗೆ ಇಲ್ಲಿ ಸಾವಿರ ಸಾಲು ಕೂಡಿಸಿದ ಮೇಲೆ ಕಾಣೆಯಾದ ಗ್ರಾಂ ಆಗಿ ನಿಲ್ಲುತ್ತದೆ. ನ್ಯೂಮರಿಕ್ ಮಾದರಿಯೇ ಇರಲಿ. ನೈಸರ್ಗಿಕ ಯುರೇನಿಯಂ, ಥೋರಿಯಂ, ಡಿಪ್ಲೀಟೆಡ್ ಯುರೇನಿಯಂ ವರದಿಯಾಗುವುದು ಕಿಲೋಗ್ರಾಂನಲ್ಲಿ. ಪ್ಲುಟೋನಿಯಂ ಮತ್ತು ಸಮೃದ್ಧ ಯುರೇನಿಯಂ ಗ್ರಾಂನಲ್ಲಿ. ಅಳೆದವರು ಬರೆದ ಅಂಕಿ ಮತ್ತು ಮಾನ ಎರಡನ್ನೂ ಬರೆದ ಹಾಗೇ ಇಡಿ, ಪರಿವರ್ತಿಸಿದ್ದನ್ನು ಪಕ್ಕದಲ್ಲಿ ಇಡಿ.

ಕಾಟಾ ತೋರಿಸುವ ತೂಕ ಖಾತೆಯ ತೂಕ ಅಲ್ಲ. ಒಟ್ಟು ತೂಕದಿಂದ ಡಬ್ಬಿಯ ತೂಕ ಕಳೆದರೆ ನಿವ್ವಳ. ಅದನ್ನು ಧಾತುವಿನ ಪಾಲಿನಿಂದ ಗುಣಿಸಿದರೆ ಧಾತುವಿನ ತೂಕ. ಯುರೇನಿಯಂ ಡೈಆಕ್ಸೈಡ್‌ನಲ್ಲಿ ಯುರೇನಿಯಂ ಶೇ. 88.15. 15.2 ಕೆಜಿ ಡೈಆಕ್ಸೈಡ್ ಇರುವ ಬಂಡಲ್ ಅಂದರೆ 13.4 ಕೆಜಿ ಯುರೇನಿಯಂ. ಅದರಲ್ಲಿ ಯು-235 ಶೇ. 0.711. ಇವೆಲ್ಲ ಬೇರೆ ಬೇರೆ ಕಾಲಂ. ಕೊನೆಯ ಉತ್ತರ ಮಾತ್ರ ಇಟ್ಟರೆ ಪಾಲಿನ ಅಂಕಿ ತಪ್ಪಿದ್ದು ಗೊತ್ತಾದ ದಿನ ಯಾವುದನ್ನೂ ಮತ್ತೆ ಲೆಕ್ಕ ಹಾಕಲು ಬಾರದು.

‘ಅಳತೆ’ ಟೇಬಲ್‌ನಲ್ಲಿ ಉಪಕರಣದ ನಂಬರು ಮತ್ತು ಆ ಉಪಕರಣದ ಕ್ಯಾಲಿಬ್ರೇಶನ್ ನಂಬರು ಕಡ್ಡಾಯ. ಕಾರಣ ಇದು: 100 ಬಂಡಲ್, ಒಂದೊಂದು 13.4 ಕೆಜಿ, ಅಳತೆಯಲ್ಲಿ ಶೇ. 0.1 ದೋಷ. ದೋಷ ಯಾದೃಚ್ಛಿಕವಾಗಿದ್ದರೆ ಒಂದರದು ಹೆಚ್ಚು, ಇನ್ನೊಂದರದು ಕಡಿಮೆ ಆಗಿ ಬಹುಮಟ್ಟಿಗೆ ಪರಸ್ಪರ ಕಳೆದುಹೋಗುತ್ತದೆ. ಒಟ್ಟು ಅನಿಶ್ಚಿತತೆ 100ರ ವರ್ಗಮೂಲದ ಲೆಕ್ಕದಲ್ಲಿ 0.134 ಕೆಜಿ. ಅದೇ ಕಾಟಾ ಒಂದೇ ಕಡೆಗೆ ವಾಲಿದ್ದರೆ ದೋಷ ನೇರವಾಗಿ ಕೂಡುತ್ತ ಹೋಗಿ 1.34 ಕೆಜಿ. ಹತ್ತು ಪಟ್ಟು. ಯಾವ ಅಳತೆಗಳು ಒಂದೇ ಕ್ಯಾಲಿಬ್ರೇಶನ್ ಹಂಚಿಕೊಂಡಿವೆ ಎಂದು ಡೇಟಾಬೇಸ್‌ಗೆ ಗೊತ್ತಿಲ್ಲದಿದ್ದರೆ ಈ ಎರಡನ್ನು ಬೇರ್ಪಡಿಸುವುದು ಅಸಾಧ್ಯ.

ಕಾಲ ಕಳೆದಂತೆ ವಸ್ತುವೂ ಬದಲಾಗುತ್ತದೆ. ಪ್ಲುಟೋನಿಯಂ-241ರ ಅರ್ಧಾಯು ಸುಮಾರು 14.3 ವರ್ಷ, ಅದು ಅಮೆರಿಸಿಯಂ ಆಗಿ ಖಾತೆಯಿಂದ ಜಾರುತ್ತದೆ. ಈ ಕ್ಷಯವನ್ನು ಅಳತೆಯ ಸಾಲಿನ ಮೇಲೆ ಬರೆಯಬೇಡಿ. ಅಳತೆ ಅಳೆದ ದಿನದ್ದೇ ಇರಲಿ, ಕ್ಷಯ ಬೇರೊಂದು ಘಟನೆ, ಪರಮಾಣು ನಷ್ಟ ಎಂದು.

ಹಂತ 5: ವ್ಯತ್ಯಾಸವನ್ನು ಮುಚ್ಚಬೇಡಿ

ಅವಧಿಯ ಕೊನೆಗೆ ಸೂತ್ರ ಒಂದೇ: ಆರಂಭದ ದಾಸ್ತಾನಿಗೆ ಬಂದದ್ದನ್ನು ಕೂಡಿಸಿ, ಹೋದದ್ದನ್ನು ಕಳೆದು, ಅದರಿಂದ ಕೈಯಾರೆ ಎಣಿಸಿ ಅಳೆದ ಕೊನೆಯ ದಾಸ್ತಾನನ್ನು ಕಳೆಯುವುದು. ಉಳಿಯುವುದು ಲೆಕ್ಕಕ್ಕೆ ಸಿಗದ ವಸ್ತು, ಈ ಕ್ಷೇತ್ರದವರ ಬಾಯಲ್ಲಿ ‘ಮಫ್’. ಒಂದು ಕಾಲ್ಪನಿಕ ಲೆಕ್ಕ: ಆರಂಭ 4820.6 ಕೆಜಿ, ಬಂದದ್ದು 1250.0, ಕಳಿಸಿದ್ದು 1190.4, ಅಳೆದು ತ್ಯಾಜ್ಯಕ್ಕೆ ಹಾಕಿದ್ದು 3.1, ಕೊನೆಗೆ ಸಿಕ್ಕಿದ್ದು 4874.9. ಮಫ್ 2.2 ಕೆಜಿ.

ಈ 2.2 ಕಂಡ ಕೂಡಲೇ ಕೆಲವು ತಂಡಗಳು ‘ಅಡ್ಜಸ್ಟ್’ ಎಂಬ ಬಟನ್ ಮಾಡುತ್ತವೆ. ಅದೊಂದು ಬಟನ್ ಸಾಕು, ಇಡೀ ಪ್ರಾಜೆಕ್ಟ್ ವ್ಯರ್ಥ. ನಮ್ಮೂರಿನ ತೊಗರಿ ದಾಲ್ ಮಿಲ್ ನೋಡಿದವರಿಗೆ ಇದು ಹೊಸದಲ್ಲ: ಬೇಳೆ, ನುಚ್ಚು, ಹೊಟ್ಟು ಎಲ್ಲ ಕೂಡಿಸಿದರೂ ಹಾಕಿದ ತೊಗರಿಯ ತೂಕಕ್ಕೆ ಸರಿಹೋಗುವುದಿಲ್ಲ. ತೇವ ಆರಿರುತ್ತದೆ, ಯಂತ್ರದ ಸಂದಿಯಲ್ಲಿ ಕಾಳು ಕೂತಿರುತ್ತದೆ, ಕಾಟಾ ಆಚೀಚೆ ಇರುತ್ತದೆ. ದಿನವೂ ಸೊನ್ನೆ ವ್ಯತ್ಯಾಸ ತೋರಿಸುವ ಮುನೀಮನನ್ನೇ ಮಾಲೀಕರು ಮೊದಲು ಅನುಮಾನಿಸುವುದು. ಮಫ್ ಮೈನಸ್ ಬಂದರೂ ಹಾಗೇ ಬರೆಯಿರಿ. ಪುಸ್ತಕಕ್ಕಿಂತ ಹೆಚ್ಚು ವಸ್ತು ಸಿಕ್ಕಿದೆ ಎಂದರ್ಥ, ಅದಕ್ಕೂ ವಿವರಣೆ ಬೇಕು.

ಯಂತ್ರದೊಳಗೆ ಕೂರುವ ವಸ್ತು ಸಣ್ಣ ವಿಷಯವಲ್ಲ. ಜಪಾನಿನ ತೊಕಾಯ್‌ನ ಪ್ಲುಟೋನಿಯಂ ಇಂಧನ ಕಾರ್ಖಾನೆಯ ಗ್ಲೋವ್ ಬಾಕ್ಸ್‌ಗಳಲ್ಲಿ (ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆಗಳಲ್ಲಿ) ಅಂಟಿಕೊಂಡಿದ್ದದ್ದು ಸುಮಾರು 70 ಕೆಜಿ ಎಂದು 1994ರಲ್ಲಿ ಸುದ್ದಿಯಾಯಿತು. ವಿಯೆನ್ನಾದ ಸಂಸ್ಥೆ ಗಣನೀಯ ಪ್ರಮಾಣ, ಅಂದರೆ ಒಂದು ಬಾಂಬಿಗೆ ಸಾಕಾಗಬಹುದಾದ ಅಂದಾಜು ಪ್ರಮಾಣ, ಎಂದು ಇಟ್ಟುಕೊಂಡಿರುವುದು ಪ್ಲುಟೋನಿಯಂಗೆ 8 ಕೆಜಿ. ಆದ್ದರಿಂದ ‘ಒಳಗೆ ಕೂತದ್ದು’ ಎಂಬುದಕ್ಕೆ ನಿಮ್ಮ ಸ್ಥಳಗಳ ಪಟ್ಟಿಯಲ್ಲಿ ಜಾಗ ಇರಲಿ, ಅಂದಾಜೋ ಅಳತೆಯೋ ಎಂಬ ಗುರುತೂ ಇರಲಿ.

2.2 ಕೆಜಿ ಹೆಚ್ಚೋ ಕಡಿಮೆಯೋ? ಅಂಕಿ ಒಂದೇ ನೋಡಿದರೆ ಹೇಳಲು ಬಾರದು. ಹಂತ 4ರ ದೋಷಗಳನ್ನೆಲ್ಲ ಸೇರಿಸಿ ಮಫ್‌ನ ಪ್ರಮಾಣ ವಿಚಲನೆ (ಸ್ಟ್ಯಾಂಡರ್ಡ್ ಡೀವಿಯೇಶನ್) 1.5 ಕೆಜಿ ಬಂದರೆ, ಅದರ ಎರಡು ಪಟ್ಟಿನೊಳಗೇ ಇದೆ, ಅಳತೆಯ ಗದ್ದಲ. 0.5 ಬಂದರೆ ಅದೇ 2.2ಕ್ಕೆ ಕೂತು ಉತ್ತರ ಹುಡುಕಬೇಕು. ಪರದೆಯ ಮೇಲೆ ಮಫ್ ಯಾವತ್ತೂ ಒಂಟಿಯಾಗಿ ಕಾಣಬಾರದು, ಪಕ್ಕದಲ್ಲಿ ವಿಚಲನೆ ಇರಲೇಬೇಕು.

ಹಂತ 6: ತಪಾಸಣೆಯ ದಿನ

ತಪಾಸಕರು ಬಂದು ಮಾಡುವುದು ಪುಸ್ತಕ ಪರಿಶೀಲನೆ, ಐಟಂ ಎಣಿಕೆ, ನಂಬರ್ ತಾಳೆ, ಸೀಲ್ ನೋಡುವುದು, ಕೆಲವನ್ನು ತೂಗುವುದು, ಗಾಮಾ ಉಪಕರಣ ಹಿಡಿಯುವುದು, ಮಾದರಿ ತೆಗೆದು ಲ್ಯಾಬಿಗೆ ಕಳಿಸುವುದು. ಅದಕ್ಕೆ ಮೊದಲು ಬೇಕಾದದ್ದು ಒಂದು ನಿಗದಿತ ಗಳಿಗೆಗೆ ಕಟ್ಟಿಹಾಕಿದ ಐಟಂ ಪಟ್ಟಿ. ಆ ಗಳಿಗೆಯಿಂದ ಎಣಿಕೆ ಮುಗಿಯುವವರೆಗೆ ಮಾಲು ಅಲುಗಿದರೆ ಸಾಫ್ಟ್‌ವೇರ್ ಕೂಗಬೇಕು. ಪಟ್ಟಿಯನ್ನು ಐಟಂ ನಂಬರಿನ ಕ್ರಮದಲ್ಲಿ ಕೊಡಬೇಡಿ; ಕೋಣೆ, ರ‍್ಯಾಕ್, ಸಾಲು, ಹೀಗೆ ನಡೆದುಹೋಗುವ ಕ್ರಮದಲ್ಲಿ ಕೊಡಿ. ಕಾಗದದ ಮೇಲೂ ಬರಬೇಕು, ಒಳಗೆ ಎಲ್ಲ ಕಡೆ ಲ್ಯಾಪ್‌ಟಾಪ್ ಬಿಡುವುದಿಲ್ಲ.

ಎಷ್ಟು ಐಟಂ ತೆರೆದು ನೋಡಬೇಕು? ಪಠ್ಯಗಳಲ್ಲಿರುವ ಸೂತ್ರ ಹೀಗೆ. ಗಣನೀಯ ಪ್ರಮಾಣವನ್ನು ಒಂದು ಐಟಂನ ತೂಕದಿಂದ ಭಾಗಿಸಿ. ಅಷ್ಟು ತೂಕ ಕಾಣೆಯಾಗಲು ಎಷ್ಟು ಐಟಂ ಖಾಲಿಯಾಗಬೇಕು ಎಂಬುದು ಸಿಗುತ್ತದೆ, ಅದು ‘ದ’. ಆ ಕಳವು ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುವ ಸಂಭವ ‘ಬ’. ‘ಬ’ದ ‘ದ’ನೇ ಮೂಲವನ್ನು 1ರಿಂದ ಕಳೆದು ಒಟ್ಟು ಐಟಂ ಸಂಖ್ಯೆಯಿಂದ ಗುಣಿಸಿ, ಮೇಲಿನ ಪೂರ್ಣಾಂಕಕ್ಕೆ ಏರಿಸಿ. ನೈಸರ್ಗಿಕ ಯುರೇನಿಯಂಗೆ ಗಣನೀಯ ಪ್ರಮಾಣ 10 ಟನ್, 13.4 ಕೆಜಿಯ ಬಂಡಲ್ ಆದರೆ ‘ದ’ ಸುಮಾರು 746. ‘ಬ’ 0.1 ಇಟ್ಟರೆ 3672 ಬಂಡಲ್‌ಗೆ ನೋಡಬೇಕಾದದ್ದು ಬರೀ 12. ಒಂದು ಕೆಜಿಯ 120 ಪ್ಲುಟೋನಿಯಂ ಕ್ಯಾನ್ ಇದ್ದರೆ ‘ದ’ 8, ನೋಡಬೇಕಾದದ್ದು 31. ಇದು ಐಟಂ ಪೂರ್ತಿ ಖಾಲಿಯಾಗಿದೆ ಎಂದು ಹಿಡಿದ ಲೆಕ್ಕ. ಪ್ರತಿಯೊಂದರಿಂದ ಚೂರುಚೂರು ತೆಗೆದಿದ್ದರೆ ಹೆಚ್ಚು ಐಟಂಗಳು ಬೇಕು, ಸೂಕ್ಷ್ಮ ಉಪಕರಣವೂ ಬೇಕು. ಯಾವ 31 ಎಂಬುದನ್ನು ಸ್ಥಾವರದ ಸಾಫ್ಟ್‌ವೇರ್ ಆರಿಸಬಾರದು. ಯಾದೃಚ್ಛಿಕ (ರ‍್ಯಾಂಡಮ್) ಸಂಖ್ಯೆಯ ಬೀಜವನ್ನು (ಸೀಡ್) ತಪಾಸಕರು ಅಲ್ಲೇ ಕೊಡಲಿ, ಅದು ದಾಖಲಾಗಲಿ.

ತೂಕ ದಾಖಲಿಸುವ ಪರದೆಯಲ್ಲಿ ಪುಸ್ತಕದ ತೂಕ ತೋರಿಸಬೇಡಿ. ಎದುರಿಗೆ 13.42 ಎಂದಿದ್ದರೆ ಕಾಟಾ 13.24 ತೋರಿಸಿದರೂ ಕೈ 13.42 ಎಂದೇ ಬರೆಯುತ್ತದೆ. ಮನುಷ್ಯಸ್ವಭಾವ. ಎಂಟ್ರಿ ಮುಗಿದು ಉಳಿಸಿದ ಮೇಲಷ್ಟೇ ಹೋಲಿಕೆ ಬರಲಿ.

ಸೀಲ್‌ಗೆ ತನ್ನದೇ ಖಾತೆ: ನಂಬರ್, ಯಾವ ಐಟಂ ಅಥವಾ ಬಾಗಿಲ ಮೇಲೆ, ಹಾಕಿದ್ದು ಯಾವಾಗ, ನೋಡಿದ್ದು ಯಾವಾಗ, ತೆಗೆದದ್ದು ಯಾವಾಗ, ಜಾಗಕ್ಕೆ ಯಾವುದು ಬಂತು. ಒಂದೇ ಸೀಲ್ ಒಂದೇ ಹೊತ್ತಿಗೆ ಎರಡು ಕಡೆ ಇರದಂತೆ ಪೋಸ್ಟ್‌ಗ್ರೆಸ್‌ನ ಕಾಲವ್ಯಾಪ್ತಿ ಮತ್ತು ಎಕ್ಸ್‌ಕ್ಲೂಷನ್ ನಿರ್ಬಂಧ ನೋಡಿಕೊಳ್ಳುತ್ತದೆ.

ಹಂತ 7: ವರದಿಗಳು

ಮೂರು ವರದಿ ಸಾಕು: ದಾಸ್ತಾನು ಬದಲಾವಣೆ, ಭೌತಿಕ ದಾಸ್ತಾನು ಪಟ್ಟಿ, ವಸ್ತು ಸಮತೋಲನ. ಇನ್ಫ್‌ಸರ್ಕ್ 153ರ ಮಾದರಿಯಲ್ಲಿ ಮೊದಲನೆಯದನ್ನು ಬದಲಾವಣೆ ನಡೆದ ತಿಂಗಳು ಮುಗಿದು 30 ದಿನದೊಳಗೆ ಕಳಿಸಬೇಕು. ‘ಆರ್‌ಡಿ’ ದೇಶದೊಳಗಿಂದ ಬಂದದ್ದು, ‘ಎಸ್‌ಡಿ’ ದೇಶದೊಳಗೆ ಕಳಿಸಿದ್ದು, ‘ಎಲ್‌ಎನ್’ ಪರಮಾಣು ನಷ್ಟ, ಹೀಗೆ ಸಂಕೇತಗಳಿರುತ್ತವೆ. ಅವನ್ನು ಪ್ರೋಗ್ರಾಂನೊಳಗೆ ಹೂತಿಡದೆ ಟೇಬಲ್‌ನಲ್ಲಿಡಿ. ಕಳಿಸಿದ ವರದಿಯ ಯಥಾಪ್ರತಿ ಹಾಗೇ ಉಳಿಯಬೇಕು, ಬೇಕಾದಾಗ ಮತ್ತೆ ಹುಟ್ಟಿಸಿಕೊಂಡರಾಯಿತು ಎನ್ನಬೇಡಿ.

ಹಂತ 8: ಬೀಗ

ಮಾಲು ಸಾಗಿಸುವವರು, ಎಂಟ್ರಿ ಮಾಡುವವರು, ಒಪ್ಪಿಗೆ ಕೊಡುವವರು ಒಬ್ಬರೇ ಆಗಬಾರದು. ತಪಾಸಕರಿಗೆ ಓದುವ ಅನುಮತಿ ಮಾತ್ರ, ಅವರು ಕಂಡದ್ದನ್ನು ಬರೆಯಲು ಬೇರೆಯೇ ಟೇಬಲ್. ಸರ್ವರ್ ಇಂಟರ್ನೆಟ್‌ಗೆ ತಾಗಬಾರದು.

ಡೇಟಾಬೇಸ್ ಅಡ್ಮಿನ್ ಮನಸ್ಸು ಮಾಡಿದರೆ ಟ್ರಿಗರ್ ತೆಗೆದು ಸಾಲು ಬದಲಿಸಬಹುದಲ್ಲ? ಬದಲಿಸಬಹುದು. ಅದಕ್ಕೇ ಹ್ಯಾಶ್ ಸರಪಳಿ: ಪ್ರತಿ ಸಾಲಿನ ಎಸ್‌ಎಚ್‌ಎ-256 ಹ್ಯಾಶ್ (ಸಾಲಿನಲ್ಲಿರುವುದರಿಂದ ಲೆಕ್ಕ ಹಾಕಿದ ಗುರುತು) ತೆಗೆಯುವಾಗ ಹಿಂದಿನ ಸಾಲಿನ ಹ್ಯಾಶ್ ಸೇರಿಸಿ. ನಡುವೆ ಒಂದು ಅಂಕಿ ಬದಲಾದರೂ ಮುಂದಿನದೆಲ್ಲ ತಾಳೆ ತಪ್ಪುತ್ತದೆ. ಆದರೆ ಸರಪಳಿಯನ್ನೇ ಮೊದಲಿಂದ ಹೆಣೆಯಬಹುದು. ಹಾಗಾಗಿ ಪ್ರತಿ ತಪಾಸಣೆಯ ಕೊನೆಗೆ ಕೊನೆಯ ಹ್ಯಾಶ್ ಅನ್ನು ಕಾಗದದ ಮೇಲೆ ಮುದ್ರಿಸಿ, ಎರಡೂ ಕಡೆಯವರು ಸಹಿ ಮಾಡಿ, ಒಂದು ಪ್ರತಿ ಅವರ ಕೈಗೆ. ಇದಕ್ಕೆ ಬ್ಲಾಕ್‌ಚೈನ್ ಹೆಸರು ಹಾಕಿ ಪಿಪಿಟಿ ಮಾಡುವ ಆಸೆ ಬಿಡಿ; ಒಂದು ಕಾಲಂ, ಒಂದು ಸಹಿ ಸಾಕು.

ಹಂತ 9: ಅಣಕು ತಪಾಸಣೆ

ಡೆಮೊ ಬದಲು ಇದನ್ನು ಮಾಡಿ. ಪಕ್ಕದ ತಂಡದವರು ತಪಾಸಕರು, ಲ್ಯಾಬಿನ ಬೆಂಚುಗಳು ನಿಮ್ಮ ರ‍್ಯಾಕ್‌ಗಳು, ನಂಬರ್ ಅಂಟಿಸಿದ ಖಾಲಿ ಡಬ್ಬಿಗಳು ಐಟಂ, ಮರಳು ತುಂಬಿದರೆ ತೂಕವೂ ಸಿಕ್ಕಿತು. ಮೂರನೇ ತಂಡಕ್ಕೆ ಕುತಂತ್ರದ ಕೆಲಸ ಕೊಡಿ: ಎರಡು ಡಬ್ಬಿಯ ನಂಬರ್ ಅದಲುಬದಲು, ಒಂದರಿಂದ ಸ್ವಲ್ಪ ಮರಳು ಕಳವು, ಕಾಟಾದ ಸೊನ್ನೆ ತುಸು ವಾಲಿಸುವುದು, ನಡುವೆ ಪ್ಲಗ್ ಕೀಳುವುದು, ಅಡ್ಮಿನ್ ಪಾಸ್‌ವರ್ಡ್ ಹಿಡಿದು ಹಳೆಯ ಒಂದು ಸಾಲು ಬದಲಿಸುವುದು. ಯಾವುದನ್ನು ಸಾಫ್ಟ್‌ವೇರ್ ಹಿಡಿಯಿತು, ಯಾವುದನ್ನು ಮನುಷ್ಯರು ಹಿಡಿದರು, ಯಾವುದು ತಪ್ಪಿಹೋಯಿತು ಎಂದು ಬೇರೆ ಬೇರೆ ಬರೆಯಿರಿ. ವಾಲಿದ ಕಾಟಾ ಸಾಮಾನ್ಯ ಪರೀಕ್ಷೆಗೆ ಸಿಗದೆ ಹೋಗುವ ಸಂಭವವೇ ಹೆಚ್ಚು. ಕ್ಯಾಲಿಬ್ರೇಶನ್ ಪ್ರಕಾರ ಗುಂಪು ಮಾಡಿ ವ್ಯತ್ಯಾಸಗಳ ಸರಾಸರಿ ತೆಗೆಯುವ ಕ್ವೆರಿ ಬರೆದವರಿಗೆ ಮಾತ್ರ ಅದು ಕಾಣುತ್ತದೆ. ಕಡೆಗೆ ಬ್ಯಾಕಪ್‌ನಿಂದ ಬೇರೊಂದು ಲ್ಯಾಪ್‌ಟಾಪ್‌ಗೆ ಇಳಿಸಿ, ಅಣಕು ತಪಾಸಣೆಯ ಹಿಂದಿನ ಸಂಜೆಯ ಐಟಂ ಪಟ್ಟಿ ಮತ್ತೆ ತೆಗೆದು, ಮುದ್ರಿಸಿಟ್ಟ ಕಾಗದದ ಜೊತೆ ಸಾಲು ಸಾಲಾಗಿ ಹೋಲಿಸಿ.